ಅಗ್ರಹಾರದ ಸಾಲುಮನೆ: ನಂಜನಗೂಡು–ತಿರುಮಕೂಡಲು ಸೀಮೆಯ ಒಂದು ವಿಚಾರ

ದೇವಾಲಯಗಳ ವಾಸ್ತುವನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆಯಾಗಿದೆ. ಅವುಗಳ ಸುತ್ತ ಬಾಳಿದವರ ಮನೆಗಳನ್ನು ಕುರಿತು ಆಗಿರುವುದು ತೀರ ಅಲ್ಪ. ಸೋಮನಾಥಪುರವನ್ನೇ ನೋಡಬಹುದು. ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ಕೇಶವ ದೇವಾಲಯ. ೨೦೨೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುದೂ ಅದೇ ದೇವಾಲಯ. ಆದರೆ ೧೩ನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ತನ್ನ ಹೆಸರಿನಲ್ಲಿ ಅಲ್ಲಿ ಸ್ಥಾಪಿಸಿದುದು ಒಂದು ಅಗ್ರಹಾರ. ದೇವಾಲಯ ಅದರ ಅಂಗವಾಗಿ ಎದ್ದಿತು. ಕಲ್ಲಿನ ದೇಗುಲ ನಿಂತಿದೆ, ಅಂದಿನ ಮನೆಯೊಂದೂ ನಿಂತಿಲ್ಲ.

ಅಗ್ರಹಾರವೆಂದರೆ ಕೇವಲ ಬೀದಿಯಲ್ಲ. ದಾನದ ಭೂಮಿಯನ್ನು ವೃತ್ತಿಗಳಾಗಿ ಹಂಚಿ, ವೃತ್ತಿವಂತರಿಗೆ ನಿವೇಶನವನ್ನೂ ಕೊಟ್ಟು, ಎಲ್ಲವನ್ನೂ ಆಚಂದ್ರಾರ್ಕವಾಗಿ, ಎಂದರೆ ಸೂರ್ಯಚಂದ್ರರಿರುವವರೆಗೆ, ನಡೆಯಬೇಕೆಂದು ವಿಧಿಸುವುದು ಇಂತಹ ದಾನಗಳ ಕ್ರಮ. ಈ ಸೀಮೆಯ ಹಳೆಯ ಸಾಲುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದು, ನಡುಗೋಡೆ ಇಬ್ಬರಿಗೂ ಸೇರಿರುವುದು ಸಾಮಾನ್ಯ. ಪಕ್ಕದ ಗೋಡೆಗೆ ಕಿಟಕಿಯಿಡುವಂತಿಲ್ಲ. ಹಾಗಾದರೆ ಬೆಳಕು ಎಲ್ಲಿಂದ? ಮೇಲಿನಿಂದ. ಜಗಲಿ, ಹಜಾರಗಳನ್ನು ದಾಟಿದೊಡನೆ ತೊಟ್ಟಿ. ಗಾಳಿ, ಬಿಸಿಲು, ಮಳೆನೀರು ಮೂರೂ ಅಲ್ಲಿಯೇ ಇಳಿಯುತ್ತವೆ. ಅದರಾಚೆ ನಡುಮನೆ, ಅಡುಗೆಮನೆ, ಬಾವಿಯಿರುವ ಹಿತ್ತಲು.

ಇದೇ ಪ್ರಶ್ನೆಗೆ ಇಂಗ್ಲೆಂಡಿನವರು ಬೇರೆ ಉತ್ತರ ಕಂಡುಕೊಂಡರು. ಮೂರನೆಯ ಜಾರ್ಜನ ಕಾಲದ ಸಾಲುಮನೆಗಳು ತೊಟ್ಟಿಯಿಲ್ಲದೆ ಎತ್ತರಕ್ಕೆ ಬೆಳೆದು, ಮುಂದೆ ಹಿಂದೆ ದೊಡ್ಡ ಕಿಟಕಿಗಳನ್ನು ತೆರೆದವು. ಬೆಂಕಿಯ ಭಯದಿಂದ ೧೭೭೪ರ ಲಂಡನ್ ಕಟ್ಟಡ ಕಾಯಿದೆ ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ನಡುಗೋಡೆಯ ದಪ್ಪವನ್ನೂ ಗೊತ್ತುಮಾಡಿತು. ಬಾತ್ ನಗರದಲ್ಲಿ ಕಿರಿಯ ಜಾನ್ ವುಡ್ ೧೭೬೭–೭೪ರಲ್ಲಿ ಕಟ್ಟಿಸಿದ ರಾಯಲ್ ಕ್ರೆಸೆಂಟಿನ ೩೦ ಮನೆಗಳಿಗೆ ಮುಖ ಒಂದೇ. ಹಿಂಭಾಗವನ್ನು ಮಾತ್ರ ಕೊಂಡವರು ತಮತಮಗೆ ಬೇಕಾದಂತೆ ಕಟ್ಟಿಕೊಂಡರು. ಲಂಡನ್ನಿನ ಅನೇಕ ಸಾಲುಗಳಲ್ಲಿ ನೆಲ ಜಮೀನುದಾರನದು, ಮನೆ ಗೇಣಿಯ ಅವಧಿಗೆ ಮಾತ್ರ. ಒಡೆತನ ಒಂದೇ ಕೈಯಲ್ಲಿ ಉಳಿದುದರಿಂದ ಮುಖವೂ ಉಳಿಯಿತೆಂದು ನಮ್ಮ ಅಭಿಪ್ರಾಯ. ಅವಧಿ ಗೊತ್ತಾದ ಮನೆಗಳು ಇಂದಿಗೂ ನಿಂತಿವೆ. ಆಚಂದ್ರಾರ್ಕವೆಂದು ಕೊಟ್ಟವು ಕರಗಿವೆ!

ನಮ್ಮ ಸಾಲುಗಳನ್ನು ಒಂದು ಗೆರೆಯಲ್ಲಿ ಹಿಡಿದಿಟ್ಟದ್ದೇನು? ನಂಜನಗೂಡಿನಲ್ಲಿ ತೇರೇ ಕಾರಣವೆಂದು ಊಹಿಸಬಹುದು. ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುತ್ತವೆ. ಅವು ತಿರುಗಬೇಕಾದ ಬೀದಿಗೆ ಯಾವ ಜಗಲಿಯೂ ಚಾಚುವಂತಿಲ್ಲ. ಲಂಡನ್ನಿನಲ್ಲಿ ಕಾಯಿದೆಯೂ ಜಮೀನುದಾರನೂ ಮಾಡಿದ ಕೆಲಸವನ್ನು ಇಲ್ಲಿ ರಥದ ಅಗಲವೇ ಮಾಡಿತು. ಆದರೆ ರಥ ಬೀದಿಯ ಅಂಚನ್ನು ಕಾಯಬಲ್ಲದು. ಮಾಡನ್ನೂ ಗೋಡೆಯನ್ನೂ ಕಾಯಲಾರದು.

ಮಣ್ಣುಗೋಡೆಯ, ನಾಡಹೆಂಚಿನ ಮನೆ ವರ್ಷವರ್ಷವೂ ಕೈ ಬೇಡುತ್ತದೆ. ಆ ಖರ್ಚು ವೃತ್ತಿಯ ಗದ್ದೆಯಿಂದ ಬರಬೇಕಾಗಿತ್ತು. ೧೯೫೪ರ ಮೈಸೂರು ಇನಾಂ ರದ್ಧತಿ ಕಾಯಿದೆ, ಬಳಿಕ ೧೯೭೪ರ ಭೂಸುಧಾರಣೆ, ಈ ಸಂಬಂಧವನ್ನು ಕಡಿದವು. ಉಳುವವನಿಗೆ ನ್ಯಾಯ ದೊರೆತುದನ್ನು ನಾವು ಅಲ್ಲಗಳೆಯುವುದಿಲ್ಲ. ಆ ಸಾಲಿನ ಅಂದದೊಳಗೆ ಅವನಿಗೆ ಜಾಗವಿರಲಿಲ್ಲವೆಂಬುದನ್ನೂ ಮರೆಯಲಾಗದು. ಆದರೆ ಗದ್ದೆ ಹೋದ ಮೇಲೆ ಮನೆ ಪಾಲಾಯಿತು, ಪಾಲುದಾರರು ಪಟ್ಟಣ ಸೇರಿದರು, ಮಾಡು ಸೋರಿತು. ದೇವಾಲಯಕ್ಕಿರುವ ರಕ್ಷಣೆ ಇಂತಹ ಮನೆಗಳಿಗೆ ದೊರೆತದ್ದು ಅಪರೂಪ.

ಒಂದು ಮನೆಯನ್ನು ಕೆಡವಿದಾಗ ನೆರೆಮನೆಯ ನಡುಗೋಡೆ ಬಯಲಿಗೆ ಬೀಳುತ್ತದೆ. ತೊಲೆ ಕೂರಿಸಿದ್ದ ಕಿಂಡಿಗಳು, ದೀಪದ ಗೂಡು, ಒಲೆಯ ಹೊಗೆಯ ಕಪ್ಪು, ಕೆಡವಿದ ಮನೆಯ ಮಾಡಿನ ಓರೆಗೆರೆ ಎಲ್ಲವೂ ಅದರ ಮೇಲೆ ಕೆಲವು ದಿನ ಕಾಣುತ್ತವೆ. ವಿದ್ಯಾರ್ಥಿಗಳು ಅಳತೆಪಟ್ಟಿಯೊಡನೆ ಹೋಗಬೇಕಾದುದು ಆಗಲೇ. ಮುಂದಿನ ಜಾತ್ರೆಯ ಹೊತ್ತಿಗೆ ಅದರ ಮೇಲೆ ಸಿಮೆಂಟಿನ ಗಿಲಾವು ಬಂದಿರುತ್ತದೆ.