ಲೇಬಲ್ಲು ಒಬ್ಬರದು, ಬೆರಳು ಇನ್ನೊಬ್ಬರದು

ಒಂದು ಬೀಡಿ ಕಟ್ಟನ್ನು ಕೈಗೆತ್ತಿಕೊಂಡು ನೋಡಿ. ಸೇದಬೇಕಾಗಿಲ್ಲ, ನೋಡಿದರೆ ಸಾಕು. ಹೊದಿಕೆಯ ಮೇಲೆ ಒಂದು ಚಿತ್ರ, ಒಂದು ಹೆಸರು ಇರುತ್ತದೆ. ಒಳಗಿನ ಎಲೆ ಮಧ್ಯಪ್ರದೇಶದ ಕಾಡಿನಿಂದ ಬಂದಿರಬಹುದು. ಹೊಗೆಸೊಪ್ಪು ನಮ್ಮ ನಿಪ್ಪಾಣಿಯದೋ ಗುಜರಾತಿನದೋ ಆಗಿರಬಹುದು. ಆದರೆ ಆ ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಸೊಪ್ಪು ತುಂಬಿ ಸುತ್ತಿ, ನೂಲು ಬಿಗಿದವರು ಯಾರೆಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಅವರಿಗೂ ಲೇಬಲ್ಲಿನ ಒಡೆಯನಿಗೂ ಸಂಬಂಧವೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ದೇಶದ ನ್ಯಾಯಾಲಯಗಳಿಗೂ ಪಾರ್ಲಿಮೆಂಟಿಗೂ ಹತ್ತಿರಹತ್ತಿರ ಮೂವತ್ತು ವರ್ಷ ಹಿಡಿಯಿತು. ಆ ಕಥೆಯ ಬಹುಭಾಗ ನಡೆದದ್ದು ಕನ್ನಡನಾಡಿನ ಕರಾವಳಿಯಲ್ಲಿ ಮತ್ತು ಅದರ ನೆರೆಯಲ್ಲಿ.

ಬೀಡಿ ಉದ್ಯಮದ ವ್ಯವಸ್ಥೆ ಮೇಲುನೋಟಕ್ಕೆ ಬಲು ಸರಳ. ಕಂಪೆನಿಯು ಎಲೆ ಮತ್ತು ಹೊಗೆಸೊಪ್ಪನ್ನು ಕಂಟ್ರಾಕ್ಟುದಾರನಿಗೆ ಕೊಡುತ್ತದೆ. ಅವನು ಅದನ್ನು ತೂಕ ಹಾಕಿ ಮನೆಮನೆಗೆ ಹಂಚುತ್ತಾನೆ. ಹೆಂಗಸರು ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟಿ, ಸಂಜೆ ತಂದೊಪ್ಪಿಸುತ್ತಾರೆ. ಕೂಲಿ ಸಾವಿರಕ್ಕೆ ಇಷ್ಟೆಂದು. ಹತ್ತು ಗಂಟೆಯಲ್ಲಿ ಸಾವಿರ ಕಟ್ಟಬೇಕಾದರೆ ಒಂದು ಬೀಡಿಗೆ ಸಿಗುವುದು 36 ಸೆಕೆಂಡು. ಎಲೆ ಕತ್ತರಿಸುವುದು, ತುದಿ ಮಡಚುವುದು ಎಲ್ಲವೂ ಅದರೊಳಗೇ ಆಗಬೇಕು. ತಂದೊಪ್ಪಿಸಿದ ಮೇಲೆ ಪರೀಕ್ಷೆ. ಇದು ಸಡಿಲ, ಇದು ಗಿಡ್ಡ ಎಂದು ತೆಗೆದಿಟ್ಟ ಬೀಡಿಗೆ ಕೂಲಿಯಿಲ್ಲ. ಆ ಬೀಡಿ ಹಿಂದಕ್ಕೂ ಬರುವುದಿಲ್ಲ. ಸೊಪ್ಪು ಕಡಿಮೆ ಬಿದ್ದರೆ ಕಟ್ಟುವವಳ ಕೈಯಿಂದಲೇ ಭರ್ತಿಯಾಗಬೇಕು.

ಕಂಪೆನಿಯ ವಾದ ಇದಕ್ಕಿಂತಲೂ ಸರಳವಾಗಿತ್ತು: ನಾವು ಬೀಡಿ ಕೊಳ್ಳುವವರು, ಕಂಟ್ರಾಕ್ಟುದಾರ ಒದಗಿಸುವವನು, ಅವನ ಮನೆಯ ವಿಷಯ ನಮಗೇಕೆ? ಮೊದಮೊದಲು ಸುಪ್ರೀಮ್ ಕೋರ್ಟೂ ಈ ವಾದಕ್ಕೆ ತಲೆದೂಗಿತು. ಮಧ್ಯಪ್ರದೇಶದ ಸಾಗರ ಪಟ್ಟಣದ ಒಂದು ಬೀಡಿ ಕಾರ್ಖಾನೆಯ ಮೊಕದ್ದಮೆಯಲ್ಲಿ (ಚಿಂತಾಮಣ ರಾವ್ ಪ್ರಕರಣ, 1958) ಸಟ್ಟೇದಾರರು, ಅಂದರೆ ಆ ಕಡೆಯ ಕಂಟ್ರಾಕ್ಟುದಾರರು, ಸ್ವತಂತ್ರರು. ಅವರ ಆಳುಗಳು ಕಾರ್ಖಾನೆಯ ಕೆಲಸಗಾರರಲ್ಲ ಎಂದು ತೀರ್ಪಾಯಿತು. 1961ರಲ್ಲಿ ನಾಸಿಕದ ಬಳಿಯ ಸಿನ್ನರಿನ ಪ್ರಕರಣದಲ್ಲಂತೂ ಕಾರ್ಖಾನೆಯೊಳಗೇ ಕುಳಿತು ಬೀಡಿ ಕಟ್ಟುತ್ತಿದ್ದವನನ್ನು ಕೂಡ 'ಕೆಲಸಗಾರ'ನೆಂದು ಬಹುಮತ ಒಪ್ಪಲಿಲ್ಲ. ಅವನು ಮನ ಬಂದಾಗ ಬರಬಹುದು, ಮನ ಬಂದಾಗ ಹೋಗಬಹುದು, ಆದ್ದರಿಂದ ಮಾಲಿಕನ ಹತೋಟಿ ಅವನ ಮೇಲಿಲ್ಲವೆಂಬುದು ಕಾರಣ. ಹೀಗಾಗಿ ಅವನಿಗೆ ಫ್ಯಾಕ್ಟರಿ ಕಾಯಿದೆಯ ಸಂಬಳ ಸಹಿತ ರಜೆಯಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರು ಒಬ್ಬರೇ ಭಿನ್ನಾಭಿಪ್ರಾಯ ಬರೆದರು. ಸಾವಿರಕ್ಕಿಷ್ಟು ಎಂದು ಕೂಲಿ ಪಡೆಯುವವನು ಮನ ಬಂದಾಗ ಎದ್ದುಹೋಗುತ್ತಾನೆಂದು ನಂಬುವುದು ಹೊಟ್ಟೆ ತುಂಬಿದವರಿಗೆ ಮಾತ್ರ ಸಾಧ್ಯವೆಂದು ನನಗೆ ತೋರುತ್ತದೆ. 1964ರ ಹೊತ್ತಿಗೆ ಗಾಳಿ ತಿರುಗಿತು. ಮದರಾಸು ರಾಜ್ಯದ ದಿವಾನ್ ಮೊಹಿದೀನ್ ಸಾಹೇಬರ ಬೀಡಿ ಪ್ರಕರಣದಲ್ಲಿ, ನಡುವಿನ ಕಂಟ್ರಾಕ್ಟುದಾರರು ಕೇವಲ ಹೆಸರಿಗೆ ಸ್ವತಂತ್ರರು, ವಾಸ್ತವವಾಗಿ ಕಂಪೆನಿಯ ಏಜೆಂಟರು, ಕೆಲಸಗಾರರು ಕಂಪೆನಿಯವರೇ ಎಂದು ಅದೇ ಕೋರ್ಟು ಹೇಳಿತು.

ಪ್ರಕರಣದಿಂದ ಪ್ರಕರಣಕ್ಕೆ ಹೀಗೆ ಉತ್ತರ ಬದಲಾಗುತ್ತಿದ್ದರೆ ಬಡವರ ಗತಿಯೇನು? ಅದಕ್ಕಾಗಿಯೇ ಪಾರ್ಲಿಮೆಂಟು 1966ರಲ್ಲಿ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆಯನ್ನು ಮಾಡಿತು. ಕೆಲಸದ ಜಾಗಕ್ಕೆ ಲೈಸೆನ್ಸು, ದಿನಕ್ಕೆ ಒಂಬತ್ತು ಗಂಟೆಯ ಮಿತಿ, ಇಪ್ಪತ್ತು ದಿನದ ಕೆಲಸಕ್ಕೆ ಒಂದು ದಿನದ ಸಂಬಳದ ರಜೆ, ಹೆಂಗಸರಿಗೆ ಹೆರಿಗೆ ಸವಲತ್ತು ಎಂದು ಹಲವು ವಿಷಯಗಳು ಅದರಲ್ಲಿದ್ದವು. ಆದರೆ ಅದರ ಜೀವಾಳವಿದ್ದದ್ದು 'ಪ್ರಧಾನ ಮಾಲಿಕ' ಎಂಬ ಒಂದು ಮಾತಿನಲ್ಲಿ. ಯಾರಿಗಾಗಿ, ಯಾರ ಪರವಾಗಿ ಕೂಲಿಯವರನ್ನು ಹಚ್ಚಲಾಗಿದೆಯೋ ಅವನೇ ಪ್ರಧಾನ ಮಾಲಿಕ. ನಡುವೆ ಕಂಟ್ರಾಕ್ಟುದಾರ ಇದ್ದರೂ ಹೊಣೆ ತಪ್ಪದು. ಮನೆಯಲ್ಲಿ ಕುಳಿತು ಕಟ್ಟುವವಳೂ ಕೆಲಸಗಾರಳೇ. ಬಾಂಗ್ಲಾದೇಶದಲ್ಲಿ 2013ರ ಏಪ್ರಿಲಿನಲ್ಲಿ ರಾಣಾ ಪ್ಲಾಜಾ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಜನ ಸತ್ತಾಗ, ಬಟ್ಟೆಯ ಮೇಲೆ ಹೆಸರು ಹಚ್ಚುವ ವಿದೇಶೀ ಕಂಪೆನಿಗಳ ಹೊಣೆಯೇನು ಎಂದು ಜಗತ್ತೆಲ್ಲ ಚರ್ಚಿಸಿತು. ನಮ್ಮವರು ಆ ಪ್ರಶ್ನೆಯನ್ನು ನಾಲ್ಕೂವರೆ ದಶಕ ಮೊದಲೇ ಕಾಯಿದೆಯಲ್ಲಿ ಬರೆದಿದ್ದರು ಎಂಬುದನ್ನು ಯಾರೂ ನೆನೆದಂತೆ ಕಾಣಲಿಲ್ಲ.

ಕಾಯಿದೆ ಬರೆಯುವುದು ಬೇರೆ, ಜಾರಿ ಬೇರೆ. ಜಾರಿಗೆ ತರುವ ಕೆಲಸ ರಾಜ್ಯಗಳದು. ಕೇರಳದಲ್ಲಿ ನಂಬೂದಿರಿಪಾಡರ ಸರಕಾರ 1968ರಲ್ಲಿ ಮುಂದೆ ಬಂತು. ಆಗ ಕಣ್ಣಾನೂರಿನಲ್ಲಿ ಮಂಗಳೂರು ಗಣೇಶ ಬೀಡಿ, ಭಾರತ ಬೀಡಿ ಮೊದಲಾದ ಕಂಪೆನಿಗಳ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ಅಲ್ಲಿ ಗಂಡಸರು ಒಟ್ಟಾಗಿ ಕುಳಿತು ಬೀಡಿ ಕಟ್ಟುತ್ತಿದ್ದರು. ತಮ್ಮಲ್ಲೇ ಒಬ್ಬನನ್ನು ವೃತ್ತಪತ್ರಿಕೆ ಓದಲು ನಿಲ್ಲಿಸಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವ ಸಂಪ್ರದಾಯವಿತ್ತು. ಸಂಘಟನೆ ಗಟ್ಟಿಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ಕಾಯಿದೆ ಬರುತ್ತಿದ್ದಂತೆ ಅಕ್ಟೋಬರಿನಲ್ಲಿ ಕಂಪೆನಿಗಳು ಅಲ್ಲಿನ ಬಾಗಿಲು ಮುಚ್ಚಿದವು. ಸುಮಾರು 12,000 ಜನ ಕೆಲಸ ಕಳೆದುಕೊಂಡರು. ಕಾಯಿದೆ ಇನ್ನೂ ಕಾಗದದಲ್ಲೇ ಇದ್ದ ಗಡಿಯ ಈಚೆಗೆ, ನಮ್ಮ ಕಡೆಗೆ, ಎಲೆ ಮತ್ತು ಸೊಪ್ಪು ಸಾಗಿತು.

ಕೇರಳದವರು ಕೈಕಟ್ಟಿ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ 'ದಿನೇಶ ಬೀಡಿ' ಎಂಬ ಸಹಕಾರ ಸಂಘವನ್ನು ಕಟ್ಟಿದರು. ಇಪ್ಪತ್ತು ರೂಪಾಯಿಯ ಷೇರಿನಲ್ಲಿ ಕೆಲಸಗಾರ ಕೈಯಿಂದ ಹಾಕಿದ್ದು ಒಂದು ರೂಪಾಯಿ, ಮಿಕ್ಕದ್ದು ಸರಕಾರದ ಸಾಲ. ಕಾಯಿದೆಯ ಸವಲತ್ತುಗಳನ್ನೆಲ್ಲ ಕೊಟ್ಟರೆ ಬೀಡಿ ಉದ್ಯಮ ಮುಳುಗುತ್ತದೆಂಬ ಮಾತಿಗೆ ಆ ಸಂಘ ದಶಕಗಟ್ಟಲೆ ನಡೆದೇ ಉತ್ತರ ಕೊಟ್ಟಿತು.

ನಮ್ಮ ದಕ್ಷಿಣ ಕನ್ನಡದಲ್ಲಿ ಅಂಥದೇನೂ ಆಗಲಿಲ್ಲ. ಅಲ್ಲಿ ಬೀಡಿ ಮನೆಯೊಳಗೆ ಹೊಕ್ಕಿತು. ಮನೆಯೊಳಗಿನ ಕೆಲಸಕ್ಕೆ ಸಭೆಯಿಲ್ಲ, ಪತ್ರಿಕೆ ಓದುವವನಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಎಷ್ಟೋ ಮಂದಿಯ ಊರಮನೆಗಳಲ್ಲಿ ತಾಯಿಯೋ ಅಕ್ಕನೋ ಚಿಮಣಿ ದೀಪದ ಬೆಳಕಿನಲ್ಲಿ ಬೀಡಿ ಕಟ್ಟುತ್ತಿದ್ದರು. ಅವರ ಮನಿಯಾರ್ಡರು ಬರುವುದು ತಡವಾದ ತಿಂಗಳು ಒಲೆ ಉರಿಸಿದ್ದು ಆ ಕೂಲಿಯೇ. ನಮ್ಮವರ ವಲಸೆಯ ಚರಿತ್ರೆ ಬರೆಯುವವರು ಹೋಟೆಲಿನ ಕಥೆ ಬರೆಯುತ್ತಾರೆ, ಗೆರಸೆಯ ಕಥೆ ಬರೆಯುವುದಿಲ್ಲ.

ಕಂಪೆನಿಗಳು ಕಾಯಿದೆಯ ಸಿಂಧುತ್ವವನ್ನೇ ಹಲವು ಹೈಕೋರ್ಟುಗಳಲ್ಲಿ ಪ್ರಶ್ನಿಸಿದವು. ಕೊನೆಗೆ ಸುಪ್ರೀಮ್ ಕೋರ್ಟು 1974ರ ಜನವರಿ 31ರಂದು ಕೊಟ್ಟ ತೀರ್ಪು ಇಂದಿಗೂ 'ಮಂಗಳೂರು ಗಣೇಶ ಬೀಡಿ ವರ್ಕ್ಸ್ ಪ್ರಕರಣ' ಎಂದೇ ಕಾನೂನು ಪುಸ್ತಕಗಳಲ್ಲಿ ಪ್ರಸಿದ್ಧ. (ಹೆಸರಿನಲ್ಲಿ ಮಂಗಳೂರು ಇದ್ದರೂ ಕಂಪೆನಿಯ ಮುಖ್ಯ ಕಚೇರಿ ಮೈಸೂರಿನಲ್ಲಿ.) ಕಾಯಿದೆ ಊರ್ಜಿತವೆಂದು ಕೋರ್ಟು ಸಾರಿತು. ಕಂಟ್ರಾಕ್ಟುದಾರ ತನ್ನ ಸ್ವಂತಕ್ಕಾಗಿ ಬೀಡಿ ಮಾಡಿಸಿದರೆ ಅವನೇ ಮಾಲಿಕ; ಟ್ರೇಡ್‌ಮಾರ್ಕಿನ ಒಡೆಯನಿಗಾಗಿ ಮಾಡಿಸಿದರೆ ಹೊಣೆ ಆ ಒಡೆಯನದು. ಬೀಡಿ ತಿರಸ್ಕರಿಸುವುದಕ್ಕೆ ಮಿತಿ ಹಾಕಿದ ರಾಜ್ಯಗಳ ನಿಯಮಗಳೂ ಉಳಿದುಕೊಂಡವು. ಪ್ರಾವಿಡೆಂಟ್ ಫಂಡನ್ನು 1977ರಲ್ಲಿ ಬೀಡಿ ಉದ್ಯಮಕ್ಕೆ ವಿಸ್ತರಿಸಿದಾಗ ಮತ್ತೆ ಅದೇ ರಾಗ: ಮನೆಯಲ್ಲಿ ಕಟ್ಟುವವರು ನಮ್ಮವರಲ್ಲ. 1985ರಲ್ಲಿ ಪಿ. ಎಂ. ಪಟೇಲ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಬೀಡಿ ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ನಿಮಗಿದೆಯಲ್ಲ, ಅದೇ ಹತೋಟಿ ಎಂಬ ತರ್ಕದಿಂದ ಅವರಿಗೂ ಫಂಡು ಸಲ್ಲುತ್ತದೆಂದಿತು. ಯಾವ ಅಧಿಕಾರದಿಂದ ಕೂಲಿ ಕಡಿಯುತ್ತಿದ್ದರೋ ಅದೇ ಅಧಿಕಾರ ಅವರನ್ನು ಮಾಲಿಕರನ್ನಾಗಿ ಮಾಡಿತು. ಇಷ್ಟು ಅಚ್ಚುಕಟ್ಟಾದ ತರ್ಕವನ್ನು ನಾನು ಕಡತಗಳಲ್ಲಿ ಕಂಡದ್ದು ಅಪರೂಪ.

ಆದರೂ ಕಿಂಡಿಗಳು ಉಳಿದವು. ತನ್ನ ಮನೆಯಲ್ಲಿ ಮನೆಮಂದಿಯ ನೆರವಿನಿಂದ ಸ್ವಂತಕ್ಕೆ ಕೆಲಸ ಮಾಡುವವನಿಗೆ 1966ರ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಇದನ್ನು ಹಿಡಿದುಕೊಂಡೇ 'ಖರೀದಿ-ಮಾರಾಟ' ಪದ್ಧತಿ ಹುಟ್ಟಿತು: ಎಲೆ ಸೊಪ್ಪನ್ನು ಕಟ್ಟುವವಳಿಗೆ 'ಮಾರಿದಂತೆ', ಬೀಡಿಯನ್ನು ಅವಳಿಂದ 'ಕೊಂಡಂತೆ' ಬರೆದಿಟ್ಟರೆ ಆಕೆ ವ್ಯಾಪಾರಿಯಾಗಿಬಿಡುತ್ತಾಳೆ, ಮಾಲಿಕ ಗಿರಾಕಿಯಾಗುತ್ತಾನೆ! ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರಲ್ಲಿ ಹಾಕಿದ ಸೆಸ್ಸು 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದಾಯಿತು. 1966ರ ಕಾಯಿದೆಯೂ ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಗಿದ್ದು, ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಗಣೇಶ ಬೀಡಿಯ ಹೆಸರು ಮತ್ತೊಮ್ಮೆ ಸುಪ್ರೀಮ್ ಕೋರ್ಟಿನ ಮುಂದೆ ಬಂದದ್ದು ಬೇರೊಂದು ಕಾರಣಕ್ಕೆ. ಪಾಲುದಾರಿಕೆ ಮುರಿದು 1994ರ ನವೆಂಬರಿನಲ್ಲಿ ಇಡೀ ಸಂಸ್ಥೆ ಹರಾಜಾದಾಗ ಹಿಂದಿನ ಪಾಲುದಾರರಲ್ಲೇ ಮೂವರು 92 ಕೋಟಿ ರೂಪಾಯಿಗೆ ಕೂಗಿ ಕೊಂಡರು. ಆ ಮೊತ್ತದಲ್ಲಿ ಟ್ರೇಡ್‌ಮಾರ್ಕಿಗೆ ಎಷ್ಟು, ಅದಕ್ಕೆ ತೆರಿಗೆಯ ಲೆಕ್ಕದಲ್ಲಿ ಸವಕಳಿ ಸಿಗುತ್ತದೆಯೇ ಎಂದು ಆದಾಯ ತೆರಿಗೆ ಇಲಾಖೆಯೊಡನೆ ಇಪ್ಪತ್ತು ವರ್ಷ ವ್ಯಾಜ್ಯ ನಡೆಯಿತು. 2015ರ ಅಕ್ಟೋಬರಿನಲ್ಲಿ ತೀರ್ಪು ಕಂಪೆನಿಯ ಪರವಾಯಿತು: ಯಂತ್ರಸಾಮಗ್ರಿಯಂತೆ ಟ್ರೇಡ್‌ಮಾರ್ಕೂ ವ್ಯಾಪಾರದ ಒಂದು ಸಾಧನವೇ, ಅದಕ್ಕೂ ಸವಕಳಿ ಸಲ್ಲುತ್ತದೆ.