ಕಂಬದಡಿಯ ಎರಡನೆಯ ಕಲ್ಲು

ಕಳೆದ ತಿಂಗಳು ಅಮ್ಮಸಂದ್ರದ ನಮ್ಮ ಹಳೆಯ ಮನೆಗೆ ಹೋಗಿದ್ದಾಗ ಮೊಮ್ಮಗ, "ತಾತ, ಈ ಕಂಬಗಳ ಕೆಳಗೆ ಎರಡೆರಡು ಕಲ್ಲು ಏಕೆ ಇಟ್ಟಿದ್ದಾರೆ?" ಎಂದು ಕೇಳಿದ. ಇದಕ್ಕೆ ಉತ್ತರಿಸಬೇಕಾದರೆ ನಮ್ಮ ತೆಂಗಿನ ಸೀಮೆಯ ಮನೆಗಳ ಚರಿತ್ರೆಯನ್ನೇ ಕೊಂಚ ಹೇಳಬೇಕಾಗುತ್ತದೆ.

ನನ್ನ ಬಾಲ್ಯದಲ್ಲಿ ನಡುಮನೆಯ ಅಟ್ಟ ನೆಲದಿಂದ ಐದೂವರೆ ಅಡಿ ಎತ್ತರದಲ್ಲಿತ್ತು. ಬಂದ ನೆಂಟರೆಲ್ಲ ತಲೆ ಬಗ್ಗಿಸಿಯೇ ನಡೆಯಬೇಕಿತ್ತು. ಇದನ್ನು ಬಡತನದ ಗುರುತೆಂದು ಭಾವಿಸಿದವರುಂಟು. ಆದರೆ ನಿಜವಾದ ಕಾರಣ ಕೊಬ್ಬರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಗಳನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಾಡಿಸಿದರೆ ಗಡಗಡ ಸದ್ದು ಬರುವವರೆಗೆ ಕಾಯಬೇಕು. ಸಾವಿರಾರು ಕಾಯಿಗಳ ಭಾರವನ್ನು ಗೋಡೆಯಿಂದ ಗೋಡೆಗೆ ಹಾಯ್ದ ಅಡ್ಡತೊಲೆಗಳು ಹೊರುತ್ತಿದ್ದವು. ಮಾಡಿನ ಕೆಳಗೆ ಕಾಯಿಗೆ ಜಾಗ ಬಿಟ್ಟು ಉಳಿದದ್ದು ಮನುಷ್ಯರಿಗೆ!

ಆ ವೇಳೆಗೆ ಊರಿನಲ್ಲಿ ಸಿಮೆಂಟ್ ಕಾರ್ಖಾನೆ ಬಂದು ಕೆಲವು ವರ್ಷಗಳಾಗಿದ್ದವು. ಎತ್ತರದ ತಾರಸಿ ಮನೆಗಳನ್ನು ಕಂಡ ಚಿಕ್ಕಪ್ಪ 1972ರ ಬೇಸಿಗೆಯಲ್ಲಿ ಒಬ್ಬ ಕೆಲಸಗಾರನನ್ನು ಕರೆತಂದು ಅಟ್ಟವನ್ನು ಕಳಚಿಸಿ, ಎರಡು ಅಡ್ಡತೊಲೆಗಳನ್ನು ಕೊಯ್ಸಿಯೇಬಿಟ್ಟರು. ಅಜ್ಜಿ, "ಅಟ್ಟ ಹೋದ್ರೆ ಕಾಯಿ ಎಲ್ಲಿ ಹಾಕ್ತೀಯೋ?" ಎಂದದ್ದನ್ನು ಯಾರೂ ಕೇಳಲಿಲ್ಲ. ಆ ವರ್ಷ ಕಾಯಿಯನ್ನು ಹಸಿಯಾಗಿಯೇ, ಬಂದ ಬೆಲೆಗೆ ಮಾರಬೇಕಾಯಿತು. ಧಾರಣೆ ಏರುವವರೆಗೆ ಕಾಯುವ ಶಕ್ತಿ ರೈತನಿಗೆ ಅಟ್ಟದಿಂದಲೇ ಬರುತ್ತಿತ್ತೆಂಬುದು ಅಪ್ಪನಿಗೆ ಆಗ ಮನವರಿಕೆಯಾಯಿತು.

ಅದಕ್ಕಿಂತ ದೊಡ್ಡ ಅಪಾಯ ಮಳೆಗಾಲದಲ್ಲಿ ಕಾಣಿಸಿಕೊಂಡಿತು. ಇಳಿಜಾರು ಮಾಡು ತನ್ನ ಭಾರದಿಂದ ಎರಡೂ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಅವನ್ನು ಹಿಡಿದಿಡುವುದು ಅಡ್ಡತೊಲೆ. ಹೆದೆ ಕತ್ತರಿಸಿದ ಬಿಲ್ಲಿನಂತೆ ನಮ್ಮ ಮನೆ ಬಿಚ್ಚಿಕೊಳ್ಳತೊಡಗಿತ್ತು. ಮಣ್ಣಿನ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು! ನಾವು ಮಕ್ಕಳು ಒಂದು ತಿಂಗಳು ನೆರೆಮನೆಯ ಜಗುಲಿಯಲ್ಲಿ ಮಲಗಿದೆವು.

ಕೊನೆಗೆ ವಯಸ್ಸಾದ ಬಡಗಿಯೊಬ್ಬರು ಬಂದು ಮನೆಯನ್ನು ಉಳಿಸಿದರು. ಮೊದಲು ಆಸರೆಗೆ ಮರದ ದಿಮ್ಮಿಗಳನ್ನು ನಿಲ್ಲಿಸಿ, ನಾಡಹೆಂಚುಗಳನ್ನು ಇಳಿಸಿದರು. ಬೆಣೆ ಹೊಡೆಯುತ್ತ ಕಂಬಗಳನ್ನು ಸ್ವಲ್ಪಸ್ವಲ್ಪವೇ ಎತ್ತಿ, ಹಳೆಯ ಕಲ್ಲಿನ ಮೇಲೆ ಒಂದೂವರೆ ಅಡಿಯ ಇನ್ನೊಂದು ಕಲ್ಲನ್ನು ಕೂರಿಸಿದರು. ಬಿರುಕುಬಿಟ್ಟ ಭಾಗವನ್ನು ಒಡೆದು ಕಟ್ಟಿ, ಗೋಡೆಯನ್ನೂ ಅಷ್ಟೇ ಏರಿಸಿ, ಹೊಸ ಅಡ್ಡತೊಲೆಗಳನ್ನು ಹಾಯಿಸಿದರು. ಅಟ್ಟ ಮರಳಿ ಬಂತು, ಏಳು ಅಡಿ ಎತ್ತರದಲ್ಲಿ!

ಮಾಡಿಗೆ ಈ ಸಲ ಮಂಗಳೂರು ಹೆಂಚು ಹೊದಿಸಲಾಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಹೆಂಚು ಅದು. ಒಂದಕ್ಕೊಂದು ಕಚ್ಚಿ ಕೂರುವುದರಿಂದ, ಪ್ರತಿ ಮಳೆಗಾಲಕ್ಕೆ ಮುನ್ನ ನಾಡಹೆಂಚಿಗೆ ಕೈಯಾಡಿಸುವ ಕೆಲಸವೂ ತಪ್ಪಿತು.

ಇಂದು ನಮ್ಮ ಕಡೆ ತಾರಸಿ ಮನೆಗಳೇ ಹೆಚ್ಚು. ಕೊಬ್ಬರಿಗೆ ತೋಟದಲ್ಲಿ ಪ್ರತ್ಯೇಕ ಶೆಡ್ಡುಗಳಿವೆ. ಹಳೆಯ ಮನೆಯ ಅಟ್ಟ ತೆಗೆಸಬೇಕೆಂದಿರುವ ನನ್ನ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಗರಗಸ ಹಿಡಿಯುವ ಮುನ್ನ ಆ ತೊಲೆ ಏನನ್ನೆಲ್ಲ ಹಿಡಿದಿದೆಯೆಂದು ಬಲ್ಲವರನ್ನು ಕೇಳಿರಿ. ನಮ್ಮ ಮನೆಯಲ್ಲಿ ಬಲ್ಲವರಾಗಿದ್ದ ಅಜ್ಜಿ ಅಡುಗೆಮನೆಯಲ್ಲೇ ಇದ್ದರು.