ಸ್ನೋಮೊಬೈಲ್: ನಿರ್ವಹಣೆ, ಚಾಲನೆ ಮತ್ತು ಮಾರ್ಪಾಡು

ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಒಂದು ರಬ್ಬರ್ ಟ್ರ್ಯಾಕ್ ಇರುವ, ಹಿಮದ ಮೇಲೆ ಓಡುವ ಎಂಜಿನ್ ವಾಹನ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಊರಿನ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ಹಲ್ಲುಚಕ್ರದಿಂದ ಟ್ರ್ಯಾಕ್ ಓಡಿಸುವ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ಪಡೆದರು. ಅದಕ್ಕೆ ಮೂರು ವರ್ಷ ಮೊದಲು, ಹಿಮದಿಂದ ದಾರಿ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗದೆ ಅವರ ಎಳೆಯ ಮಗ ತೀರಿಕೊಂಡಿದ್ದ. ಒಬ್ಬಿಬ್ಬರು ಕೂತು ಹೋಗುವ ಹಗುರ ವಾಹನ ‘ಸ್ಕೀ-ಡೂ’ 1959ರಲ್ಲಿ ಮಾರುಕಟ್ಟೆಗೆ ಬಂತು. ಅಷ್ಟರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ರೋಸೋ ಊರಿನಲ್ಲಿ ಪೊಲಾರಿಸ್ ಕಂಪನಿಯೂ ಇಂಥ ವಾಹನ ಕಟ್ಟತೊಡಗಿತ್ತು.

ಸ್ನೋಮೊಬೈಲಿಗೆ ದಾರಿಯೂ ಹಿಮ, ತಂಪೂ ಹಿಮ, ಕೀಲೆಣ್ಣೆಯೂ ಹಿಮ. ನೀರಿನಿಂದ ತಣಿಯುವ ಎಂಜಿನ್‌ನ ಬಿಸಿನೀರು ಟ್ರ್ಯಾಕ್‌ನ ಮೇಲಿರುವ ಅಲ್ಯೂಮಿನಿಯಂ ಹೊದಿಕೆಯ ಕೊಳವೆಗಳಲ್ಲಿ ಹರಿಯುತ್ತದೆ. ಟ್ರ್ಯಾಕ್ ಎರಚುವ ಹಿಮ ಅಲ್ಲಿ ತಾಗಿ ಕರಗುವಾಗ ಶಾಖ ಇಳಿಯುತ್ತದೆ. ಹಿಂಬದಿಯ ಸಸ್ಪೆನ್ಷನ್ ಹಳಿಗಳಿಗೆ ಪ್ಲಾಸ್ಟಿಕ್ ಪಟ್ಟಿಗಳನ್ನು ಕೂಡಿಸಿರುತ್ತಾರೆ. ಟ್ರ್ಯಾಕ್‌ನ ಲೋಹದ ಕ್ಲಿಪ್‌ಗಳು ಅವುಗಳ ಮೇಲೆ ಜಾರುತ್ತವೆ, ಆ ಜಾರಿಕೆಗೂ ಹಿಮದ ತೇವ ಬೇಕು. ಗಟ್ಟಿ ಮಂಜುಗಡ್ಡೆಯ ಮೇಲೆ ಬಹಳ ಹೊತ್ತು ಓಡಿಸಿದರೆ ಎಂಜಿನ್ ಕಾಯುತ್ತದೆ, ಪಟ್ಟಿ ಕರಗಿ ಕ್ಲಿಪ್‌ಗೆ ಅಂಟಿಕೊಳ್ಳುತ್ತದೆ. ಇದಕ್ಕೆಂದೇ ಹಳಿಗಳ ಪಕ್ಕ ಸ್ಪ್ರಿಂಗ್ ತಂತಿಯ ಕೆರೆಯುವ ಕಡ್ಡಿಗಳನ್ನು ಕಟ್ಟುತ್ತಾರೆ. ಅವು ಮಂಜುಗಡ್ಡೆಯನ್ನು ಗೀರಿ ಪುಡಿ ಎಬ್ಬಿಸುತ್ತವೆ. ಅಗ್ಗದ ಸಾಮಾನು, ಆದರೆ ಎಂಜಿನ್ ಉಳಿಸುತ್ತದೆ.

ವಾಹನದ ನಡತೆಯನ್ನು ನಿರ್ಧರಿಸುವ ಭಾಗ ಬೆಲ್ಟ್ ಮತ್ತು ಎರಡು ಕ್ಲಚ್‌ಗಳು. ಹೆಚ್ಚಿನವುಗಳಲ್ಲಿ ಗೇರ್ ಬದಲಿಸುವ ಕೆಲಸವಿಲ್ಲ. ಎಂಜಿನ್ ವೇಗ ಏರಿದಂತೆ ಮೊದಲ ಕ್ಲಚ್‌ನೊಳಗಿನ ತೂಕಗಳು ಹೊರಕ್ಕೆ ಚಿಮ್ಮಿ ಅದರ ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟ್ ಮೇಲೇರುತ್ತದೆ. ಅದೇ ಹೊತ್ತಿಗೆ ಎರಡನೆಯ ಕ್ಲಚ್‌ನ ತಟ್ಟೆಗಳು ಅಗಲವಾಗಿ ಬೆಲ್ಟ್ ಒಳಕ್ಕಿಳಿಯುತ್ತದೆ. ಏರು ಎದುರಾಗಿ ಹೊರೆ ಹೆಚ್ಚಿದಾಗ ಎರಡನೆಯ ಕ್ಲಚ್‌ನ ಸ್ಪ್ರಿಂಗ್ ಮತ್ತು ಓರೆ ಕೊರೆತ ಅದನ್ನು ಗ್ರಹಿಸಿ ಬೆಲ್ಟನ್ನು ಹಿಂದಕ್ಕೆ ತರುತ್ತವೆ. ಇಡೀ ಏರ್ಪಾಡಿನ ಗುರಿ ಒಂದೇ: ಎಂಜಿನ್‌ನ ಶಕ್ತಿ ಯಾವ ತಿರುಗುವೇಗದಲ್ಲಿ ಅತಿ ಹೆಚ್ಚೋ ಅಲ್ಲೇ ಅದನ್ನು ಹಿಡಿದಿಡುವುದು. ದೊಡ್ಡ ಟೂ-ಸ್ಟ್ರೋಕ್ ಎಂಜಿನ್‌ಗಳಲ್ಲಿ ಅದು ನಿಮಿಷಕ್ಕೆ ಸುಮಾರು 8,000 ಸುತ್ತು. ತೂಕ ಭಾರವಾದರೆ ಎಂಜಿನ್ ಆ ವೇಗ ಮುಟ್ಟುವುದಿಲ್ಲ. ಹಗುರವಾದರೆ ಅದನ್ನು ದಾಟಿ ವ್ಯರ್ಥವಾಗಿ ಅರಚುತ್ತದೆ.

ಹಾಗಾಗಿ ಶಕ್ತಿ ಹೆಚ್ಚಿಸಬೇಕೆನ್ನುವವರು ಮೊದಲು ಕೈ ಹಾಕಬೇಕಾದದ್ದು ಕ್ಲಚ್‌ಗೆ. ಸವೆದ ಬೆಲ್ಟ್, ದೂಳು ಕೂತ ತಟ್ಟೆ, ಸೋತ ಸ್ಪ್ರಿಂಗ್ ಇರುವ ವಾಹನಕ್ಕೆ ದುಬಾರಿ ಎಕ್ಸಾಸ್ಟ್ ಪೈಪ್ ಹಾಕಿ ಪ್ರಯೋಜನವಿಲ್ಲ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಆ ಪೈಪ್‌ನ ಆಕಾರವೇ ಶಕ್ತಿಯ ಒಂದು ಪಾಲು: ಅದರೊಳಗೆ ಮರಳಿ ಬರುವ ಒತ್ತಡದ ಅಲೆ, ಹೊರಗೆ ಜಾರಿದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ಹಿಂದೆ ತಳ್ಳುತ್ತದೆ. ಪೈಪ್ ಬದಲಾದರೆ ಇಂಧನದ ಅಳತೆ ಬದಲಾಗಬೇಕು, ಅದರ ಹಿಂದೆಯೇ ಕ್ಲಚ್‌ನ ತೂಕವೂ. ಒಂದನ್ನು ಮುಟ್ಟಿ ಉಳಿದೆರಡನ್ನು ಬಿಟ್ಟಲ್ಲಿಯೇ ಹೆಚ್ಚಿನ ಪಿಸ್ಟನ್‌ಗಳು ಸುಡುವುದು.

ಗಾಳಿಯ ಲೆಕ್ಕವೂ ಇದೆ. ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಲ್ಲಿ ಚಳಿ ಏರಿದಂತೆ ಗಾಳಿ ಸಾಂದ್ರವಾಗಿ ಪೆಟ್ರೋಲ್ ಸಾಲದಾಗುತ್ತದೆ, ದೊಡ್ಡ ಜೆಟ್ ಬೇಕಾಗುತ್ತದೆ. ಎತ್ತರದಲ್ಲಿ ಇದಕ್ಕೆ ತದ್ವಿರುದ್ಧ: ಸುಮಾರು 300 ಮೀಟರ್ ಏರಿದಂತೆಲ್ಲ ಶೇಕಡಾ 3ರಷ್ಟು ಶಕ್ತಿ ಕುಗ್ಗುತ್ತದೆ. ಪ್ರವಾಸಿಗರು ಸ್ನೋಮೊಬೈಲ್ ಏರುವ ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಸಾಮಾನ್ಯ ಎಂಜಿನ್ ತನ್ನ ಬಲದ ಕಾಲು ಪಾಲನ್ನು ಕಳೆದುಕೊಂಡಿರುತ್ತದೆ. ಈ ನಷ್ಟ ತುಂಬಲೆಂದೇ ಬೆಟ್ಟದ ಸವಾರರು ಟರ್ಬೊ ಜೋಡಿಸುತ್ತಿದ್ದರು. ಸ್ಕೀ-ಡೂ 2020ರ ಮಾದರಿಯಲ್ಲಿ ಟೂ-ಸ್ಟ್ರೋಕ್ ಎಂಜಿನ್‌ಗೆ ಕಾರ್ಖಾನೆಯಲ್ಲೇ ಟರ್ಬೊ ಕೂಡಿಸಿ ಕೊಟ್ಟಿತು.

ಹಿಡಿತದ ಪ್ರಶ್ನೆ ಸ್ಕೀಗಳಿಂದ ಶುರುವಾಗುತ್ತದೆ. ಅವುಗಳ ಅಡಿಯ ಕಾರ್ಬೈಡ್ ಅಲಗು ಮೊಂಡಾದರೆ ತಿರುವಿನಲ್ಲಿ ವಾಹನ ನೇರಕ್ಕೆ ಜಾರುತ್ತದೆ. ಸ್ಕೀಗಳ ಜೋಡಣೆ ತಪ್ಪಿದ್ದರೆ, ಹಳೆಯ ಗೀರುಗಳ ಜಾಡು ಹಿಡಿದು ಅತ್ತಿತ್ತ ಎಳೆಯುತ್ತದೆ. ಸಸ್ಪೆನ್ಷನ್‌ನ ಮುಂಭಾಗ ಎಷ್ಟು ಕೆಳಗಿಳಿಯಬಹುದೆಂದು ಮಿತಿ ಹಾಕುವ ಪಟ್ಟಿಯನ್ನು ಚಿಕ್ಕದು ಮಾಡಿದರೆ ಭಾರ ಸ್ಕೀಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಉದ್ದ ಬಿಟ್ಟರೆ ಮೂತಿ ಮೇಲೇಳುತ್ತದೆ. ಅಚ್ಚುಕಟ್ಟಾದ ಹಾದಿಗೆ 137 ಇಂಚಿನ ಟ್ರ್ಯಾಕ್ ಸಾಕು. ಆಳ ಹಿಮದ ಬೆಟ್ಟಕ್ಕೆ 155 ಇಂಚೋ ಅದಕ್ಕೂ ಉದ್ದವೋ ಬೇಕು. ಅದರ ಹಲ್ಲುಗಳೂ 2.5ರಿಂದ 3 ಇಂಚು ಎತ್ತರದವು. ಅಲ್ಲಿ ಹ್ಯಾಂಡಲ್ ತಿರುಗಿಸಿದರಷ್ಟೇ ವಾಹನ ತಿರುಗದು. ಹ್ಯಾಂಡಲ್ಲನ್ನು ಎದುರು ದಿಕ್ಕಿಗೆ ತಿರುವಿ, ಮೈಭಾರದಿಂದ ವಾಹನವನ್ನು ಒಂದೇ ಸ್ಕೀ ಮೇಲೆ ವಾಲಿಸಿ, ಥ್ರಾಟಲ್‌ನಿಂದ ಆ ವಾಲಿಕೆಯನ್ನು ಕಾಯ್ದುಕೊಳ್ಳಬೇಕು. ಬೆಟ್ಟದ ಇಳಿಜಾರಿನಲ್ಲಿ ಹಿಮಕುಸಿತದ ಭಯ ಇರುವುದರಿಂದ ಒಮ್ಮೆಗೆ ಒಬ್ಬರೇ ಏರುವುದು, ಪ್ರತಿಯೊಬ್ಬರೂ ಶೋಧ-ಟ್ರಾನ್ಸೀವರ್, ಸಲಿಕೆ, ಚುಚ್ಚುಗೋಲು ಹೊತ್ತಿರುವುದು ಕಡ್ಡಾಯವೆನ್ನಬೇಕು.

ಬೇಸಿಗೆಗೆ ನಿಲ್ಲಿಸುವ ಮುನ್ನ ಪೆಟ್ರೋಲ್‌ಗೆ ಕೆಡದಂತೆ ಕಾಯುವ ದ್ರವ ಬೆರೆಸಿ, ಸಿಲಿಂಡರ್‌ಗೆ ತುಕ್ಕುನಿರೋಧಕ ಎಣ್ಣೆ ಸಿಂಪಡಿಸಿ, ಬೆಲ್ಟ್ ಬಿಚ್ಚಿ, ಟ್ರ್ಯಾಕನ್ನು ನೆಲದಿಂದ ಎತ್ತಿಡುತ್ತಾರೆ. ಗಾಳಿಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟುವುದು ಸಾಮಾನ್ಯ. ಮತ್ತೆ ಚಾಲೂ ಮಾಡುವ ಮೊದಲು ಅದನ್ನು ತೆರೆದು ನೋಡಲೇಬೇಕು.

ಮಾರ್ಪಾಡುಗಳಲ್ಲಿ ಅತಿ ಹಾನಿಕರವಾದದ್ದು ಸೈಲೆನ್ಸರ್ ಕಿತ್ತು ಹಗುರ ಡಬ್ಬಿ ಕೂಡಿಸುವುದು. ಅದರಿಂದ ಸಿಗುವ ಶಕ್ತಿ ಅಲ್ಪ. ಅಮೆರಿಕದ ತಯಾರಕರು ಪೂರ್ಣ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬೆಲ್ ಎಂಬ ಮಿತಿಯನ್ನು 1970ರ ದಶಕದಿಂದಲೇ ಪಾಲಿಸುತ್ತ ಬಂದಿದ್ದಾರೆ. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊಗೆ ಮತ್ತು ಸದ್ದಿನ ಇನ್ನೂ ಬಿಗಿಯಾದ ಮಿತಿಗೆ ಒಳಪಟ್ಟ ವಾಹನಗಳಿಗಷ್ಟೇ ಪ್ರವೇಶ. ಉತ್ತರ ಅಮೆರಿಕದ ಸ್ನೋಮೊಬೈಲ್ ಹಾದಿಗಳಲ್ಲಿ ಬಹಳಷ್ಟು ರೈತರ ಮತ್ತು ಖಾಸಗಿಯವರ ಜಮೀನಿನಲ್ಲಿ ಅವರ ಒಪ್ಪಿಗೆಯಿಂದಲೇ ಸಾಗುತ್ತವೆ. ರಾತ್ರಿ ಅರಚುತ್ತ ಹೋದ ಒಂದು ವಾಹನದ ಸಿಟ್ಟಿಗೆ ಜಮೀನಿನವರು ಬೇಲಿ ಹಾಕಿದರೆ ಎಲ್ಲ ಸವಾರರಿಗೂ ದಾರಿ ಮುಚ್ಚುತ್ತದೆ.